ನಕಲು ಕೋವಿಯ ನಿಜವಾದ ಬೆಲೆ

ಮಲೆನಾಡಿನ ವಾಚಕರಿಗೆ ಕೋವಿಯ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ಗದ್ದೆಯನ್ನು ಹಂದಿಯಿಂದಲೂ ತೋಟವನ್ನು ಮಂಗನಿಂದಲೂ ಉಳಿಸಿಕೊಳ್ಳುವ ಹೋರಾಟ ತಲೆತಲಾಂತರದಿಂದ ನಡೆದುಬಂದಿದೆ. ಆಯುಧಪೂಜೆಯ ದಿನ ಕತ್ತಿ ಗುದ್ದಲಿಗಳ ಸಾಲಿನಲ್ಲಿ ಕೋವಿಗೂ ಕುಂಕುಮ ಹೂವುಗಳು ಸಲ್ಲುತ್ತವೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು 1933ರ ‘ಮಲೆನಾಡಿನ ಚಿತ್ರಗಳು’ ಮೊದಲಾದ ಕೃತಿಗಳಲ್ಲಿ ಈ ನಾಡಿನ ಬೇಟೆಯನ್ನು ಚಿತ್ರಿಸಿರುವರಷ್ಟೆ. ಆದರೆ ಈ ಲೇಖನದ ವಿಷಯ ಪ್ರಾಣ ತೆಗೆಯುವ ಕೋವಿಯಲ್ಲ; ಅದರ ವೇಷವನ್ನು ಮಾತ್ರ ಧರಿಸಿದ ನಕಲು ಕೋವಿ.

ಗಾಳಿಯ ಅಥವಾ ಅನಿಲದ ಒತ್ತಡದಿಂದ 6 ಮಿಲಿಮೀಟರಿನ ಪ್ಲಾಸ್ಟಿಕ್ ಗುಂಡನ್ನು ಹಾರಿಸುವ, ‘ಏರ್‌ಸಾಫ್ಟ್’ ಎಂದು ಕರೆಯಲ್ಪಡುವ ನಕಲು ರಿವಾಲ್ವರುಗಳನ್ನು ಕೂಡಿಹಾಕುವುದು, ಅವುಗಳ ಛಾಯಾಚಿತ್ರ ತೆಗೆಯುವುದು, ಗುಣದೋಷಗಳನ್ನು ತೂಗಿ ನೋಡುವುದು, ಇದು ಈಗ ಜಗತ್ತಿನ ಅನೇಕ ದೇಶಗಳಲ್ಲಿ ಒಂದು ಹವ್ಯಾಸವಾಗಿ ಬೆಳೆದಿದೆ. ಹಳೆಯ ನಾಣ್ಯ, ಅಂಚೆಯ ಚೀಟಿಗಳನ್ನು ಕೂಡಿಸುವವರನ್ನು ಗೌರವಿಸುವ ನಮ್ಮ ಜನರು ಇಂತಹವರನ್ನು ಕಂಡರೆ ನಗುವುದುಂಟು. ಸುಳ್ಳು ವಸ್ತುವಿಗೆ ಬೆಲೆಯೆಲ್ಲಿಯದು ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಇತಿಹಾಸದಲ್ಲಿ ಹುಡುಕುವುದು ನಮ್ಮ ಉದ್ದೇಶ.

ಮೊದಲು ನಮ್ಮ ಮನೆಯಂಗಳದಿಂದಲೇ ಹೊರಡೋಣ. ಮಲೆನಾಡಿನ ಮಕ್ಕಳು ಆಡುತ್ತಿದ್ದ ‘ಪೆಟ್ಲು’ ನಕಲು ಕೋವಿಯಲ್ಲದೆ ಮತ್ತೇನು? ವಾಟೆಯ ಒಂದು ಗೆಣ್ಣಿನ ಕೊಳವೆ, ಅದರೊಳಗೆ ಬಿಗಿಯಾಗಿ ಓಡಾಡುವ ಒಂದು ಕಡ್ಡಿ, ಕೈಗೆ ಸಿಕ್ಕ ಹಸಿಯ ಸಣ್ಣ ಕಾಯಿಗಳು, ಇಷ್ಟೇ ಅದರ ಸಾಮಗ್ರಿ. ಮೊದಲನೆಯ ಕಾಯನ್ನು ಕೊಳವೆಯ ಕೊನೆಯವರೆಗೆ ನೂಕಿ ನಿಲ್ಲಿಸಿ, ಎರಡನೆಯ ಕಾಯನ್ನು ಹಿಂದಿನಿಂದ ರಭಸವಾಗಿ ಒತ್ತಿದರೆ, ಎರಡರ ನಡುವೆ ಸಿಕ್ಕ ಗಾಳಿ ಕುಗ್ಗಿ ಮುಂದಿನ ಕಾಯನ್ನು ‘ಪಟ್’ ಎಂದು ಹಾರಿಸುತ್ತದೆ. ಮದ್ದಿಲ್ಲ, ಬೆಂಕಿಯಿಲ್ಲ; ಕೆಲಸವೆಲ್ಲ ಗಾಳಿಯದು. ಏರ್‌ಸಾಫ್ಟ್ ರಿವಾಲ್ವರಿನ ಮೂಲತತ್ತ್ವವೂ ಇದೇ. ಅದರಲ್ಲಿ ಕಡ್ಡಿಯ ಬದಲು ಸ್ಪ್ರಿಂಗು ಅಥವಾ ಸಂಕುಚಿತ ಅನಿಲವೂ, ಕಾಯಿಯ ಬದಲು ಪ್ಲಾಸ್ಟಿಕ್ ಗುಂಡೂ ಇರುವುದೊಂದೇ ಭೇದ.

ಅನುಕರಣವೆಂದರೆ ಮಕ್ಕಳಾಟವೆಂದು ಮಾತ್ರ ತಿಳಿಯಬಾರದು. ದೊಡ್ಡವರ ಅನುಕರಣದಿಂದ ರಾಜ್ಯಗಳ ಬಲವೇ ಬೆಳೆದುದುಂಟು. ನಮ್ಮ ನೆರೆಯ ಬಿದನೂರು 1763ರಲ್ಲಿ ಹೈದರಾಲಿಯ ವಶವಾಗಿ, ಮುಂದೆ ನಗರವೆಂದು ಹೆಸರಾಯಿತು. ಹೈದರನ ಮಗನಾದ ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಕಾರ್ಖಾನೆಗಳ ಕುಶಲರು ಯೂರೋಪಿನ ಚಕಮಕಿ ಕೋವಿಗಳನ್ನು ನೋಡಿ ಅವುಗಳಂತೆಯೇ ತಾವೂ ಮಾಡಿದರು. ಆದರೆ ಹುಲಿಯ ಮುಖವನ್ನೂ ಹುಲಿಪಟ್ಟೆಗಳನ್ನೂ ಕೆತ್ತಿ ಅವನ್ನು ತಮ್ಮವನ್ನಾಗಿ ಮಾಡಿಕೊಂಡರು. ಅನುಕರಿಸಿದವನು ತನ್ನ ಗುರುತನ್ನು ಮುಚ್ಚಿಡದೆ ಒತ್ತಿದುದರಿಂದ, ಇಂದು ಆ ಆಯುಧಗಳು ಎಲ್ಲಿಯವೆಂದು ಯಾರೂ ಸಂದೇಹಪಡುವಂತಿಲ್ಲ. 2018ರಲ್ಲಿ ಅದೇ ನಗರದ ಹಾಳುಬಾವಿಯೊಂದರಲ್ಲಿ ಆ ಕಾಲದ 1000ಕ್ಕೂ ಹೆಚ್ಚು ಯುದ್ಧದ ರಾಕೆಟ್ಟುಗಳು ದೊರೆತುವು. ಅವನ್ನು ತೂಗಿ ಅಳೆದು ಗುರುತಿಸದಿದ್ದರೆ ತುಕ್ಕುಹಿಡಿದ ಕಬ್ಬಿಣದ ಕೊಳವೆಗಳೆಂದು ಗುಜರಿಗೆ ಸೇರಬಹುದಾಗಿದ್ದಿತು.

ದಾಖಲೆಯ ಮಹತ್ತ್ವಕ್ಕೆ ಶೃಂಗೇರಿಯೂ ಸಾಕ್ಷಿಯಾಗಿದೆ. 1791ರಲ್ಲಿ ಮರಾಠರ ದಂಡಿನವರು ಶೃಂಗೇರಿಯನ್ನು ಸುಲಿದಾಗ ಹಿಡಿದು ಬಂದ ಆಯುಧಗಳು ಏನಾದುವೋ ಬಲ್ಲವರಿಲ್ಲ. ಅದರ ಬಳಿಕ ಟಿಪ್ಪು ಮಠದ ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳಾದರೋ ಮಠದಲ್ಲಿ ಉಳಿದು, 1916ರಲ್ಲಿ ಪ್ರಾಕ್ತನ ವಿಮರ್ಶಕರಾದ ಆರ್. ನರಸಿಂಹಾಚಾರ್ಯರಿಂದ ಬೆಳಕಿಗೆ ಬಂದುವು. ಕಬ್ಬಿಣ ಕಳೆದುಹೋಯಿತು, ಕಾಗದ ಉಳಿಯಿತು. ವಸ್ತುವಿಗಿಂತ ಅದರ ವಿವರ ಹೆಚ್ಚು ಕಾಲ ಬಾಳುವುದೆಂಬುದನ್ನು ಸಂಗ್ರಾಹಕನು ಇದರಿಂದ ಕಲಿಯತಕ್ಕದ್ದು.

ಇನ್ನು ರಿವಾಲ್ವರಿನ ಕಥೆ. ಇದರಲ್ಲೊಂದು ವಿಚಿತ್ರವುಂಟು: ಇಲ್ಲಿ ನಕಲು ಮೊದಲು ಹುಟ್ಟಿತು, ಅಸಲು ಅನಂತರ. ಅಮೆರಿಕದ ಸಾಮ್ಯುಯೆಲ್ ಕೋಲ್ಟ್ ಎಂಬ ಹದಿನಾರು ವರ್ಷದ ಹುಡುಗನು 1830ರಲ್ಲಿ ಹಡಗಿನ ಕೆಲಸಗಾರನಾಗಿ ಬಾಸ್ಟನ್ನಿನಿಂದ ನಮ್ಮ ದೇಶದ ಕಲ್ಕತ್ತೆಗೆ ಹೊರಟನು. ಆ ಪ್ರಯಾಣದಲ್ಲಿ ಹಡಗಿನ ಚಕ್ರವೊಂದು ತಿರುಗಿ ತಿರುಗಿ ಒಂದೊಂದು ಸ್ಥಾನದಲ್ಲಿ ನಿಲ್ಲುವುದನ್ನು ನೋಡಿ, ಹಲವು ಗುಳಿಗಳುಳ್ಳ ಉರುಳೆಯೊಂದನ್ನು ಮರದಲ್ಲಿ ಕೆತ್ತಿದನೆಂದು ಅವನೇ ಹೇಳಿಕೊಂಡಿದ್ದಾನೆ. ಅವನು ಕೆತ್ತಿದ ಮರದ ಮಾದರಿ ಇಂದಿಗೂ ಅವನ ಊರಾದ ಹಾರ್ಟ್‌ಫರ್ಡಿನ ವಸ್ತುಸಂಗ್ರಹಾಲಯದಲ್ಲಿದೆ. ಅವನ ರಿವಾಲ್ವರಿಗೆ ಅಮೆರಿಕದಲ್ಲಿ ಹಕ್ಕುಪತ್ರ ದೊರೆತುದು 1836ರಲ್ಲಿ. ಗುಂಡು ಹಾರಿಸಲಾರದ ಮರದ ತುಂಡೊಂದು ಈ ದೊಡ್ಡ ವಂಶಕ್ಕೆ ಮೂಲಪುರುಷನಾಯಿತು. ಮುಂದೆ 1851ರ ಲಂಡನ್ನಿನ ಮಹಾಪ್ರದರ್ಶನದಲ್ಲಿ ಕೋಲ್ಟನ ಆಯುಧಗಳನ್ನು ಜನರು ಬೆರಗಾಗಿ ನೋಡಿದರು. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಕೋಲ್ಟ್ ರಿವಾಲ್ವರೂ, 1887ರಲ್ಲಿ ಬ್ರಿಟಿಷ್ ಸೈನ್ಯಕ್ಕೆ ಸೇರಿದ ವೆಬ್ಲಿಯೂ, ಅದರ ವಂಶದಲ್ಲಿ 1915ರ ಆರನೆಯ ಮಾದರಿಯೂ ಇಂದಿನ ಅನುಕರಣಕಾರರಿಗೆ ಬಲು ಮೆಚ್ಚಿನವು.

ಹೀಗೆ ಅಸಲು ಆಯುಧ ಹರಡಿದಂತೆಲ್ಲ ಕಾನೂನೂ ಅದರ ಬೆನ್ನುಹತ್ತಿತು. 1857ರ ದಂಗೆಯ ಬಳಿಕ ಜನರ ಕೈಯಿಂದ ಆಯುಧ ತೆಗೆಯುವ ಕ್ರಮಗಳು ಜಾರಿಗೆ ಬಂದಾಗ, 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗರಿಗೆ ವಿನಾಯಿತಿ ಕೊಟ್ಟನು. ಆ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ನಮ್ಮ ತಾಲ್ಲೂಕುಗಳ ಕೃಷಿಕನಿಗೆ ಆ ಭಾಗ್ಯವಿಲ್ಲ. ಅವನು ಪರವಾನಗಿ ಪಡೆಯಬೇಕು, ಅದನ್ನು ನವೀಕರಿಸಬೇಕು, ಚುನಾವಣೆ ಬಂದಾಗ ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಿ ಬರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯ ಕಾಲವೂ ಮುಗಿಯಿತು. ಅಜ್ಜನ ಕೇಪಿನ ಕೋವಿಯನ್ನು ಹೊರೆಯೆಂದು ಭಾವಿಸಿ ಒಪ್ಪಿಸಿಬಿಡುವ ಮೊಮ್ಮಕ್ಕಳು ಅದರ ಚಿತ್ರವೊಂದನ್ನಾದರೂ ಇಟ್ಟುಕೊಳ್ಳದಿರುವುದು ನಮಗೆ ಖೇದಕರವಾಗಿ ತೋರುತ್ತದೆ.

ಕಾನೂನಿನ ಬಿಗಿ ನಕಲಿನ ಕಲೆಯನ್ನು ಹೇಗೆ ಬೆಳೆಸಿತೆಂಬುದಕ್ಕೆ ಜಪಾನು ಒಳ್ಳೆಯ ಉದಾಹರಣೆ. ಅಲ್ಲಿ 1958ರ ಶಾಸನದಿಂದ ಸಾಮಾನ್ಯ ಪ್ರಜೆಗೆ ಪಿಸ್ತೂಲು ದೂರವಾಯಿತು. ಆಸಕ್ತರು ಲೋಹದ ಮಾದರಿ ಪಿಸ್ತೂಲುಗಳಿಂದ ತೃಪ್ತಿಪಟ್ಟರು. ಆ ಮಾದರಿಗಳು ಜನರನ್ನು ಹೆದರಿಸಲು ಬಳಕೆಯಾದುದರಿಂದ, ಲೋಹದ ಮಾದರಿಗಳ ನಳಿಗೆಯನ್ನು ಮುಚ್ಚಿ ಬಿಳಿಯ ಅಥವಾ ಹಳದಿಯ ಬಣ್ಣ ಬಳಿಯಬೇಕೆಂದು 1971ರಲ್ಲಿ ವಿಧಿಸಲಾಯಿತು. ಪ್ಲಾಸ್ಟಿಕ್ ಗುಂಡಿನ ಏರ್‌ಸಾಫ್ಟ್ ಹುಟ್ಟಿ ಬೆಳೆದುದು ಆ ಬಳಿಕ. 2006ರಲ್ಲಿ ಅದರ ಬಲಕ್ಕೂ ಮಿತಿ ಬಂದಿತು. 6 ಮಿಲಿಮೀಟರಿನ ಗುಂಡಿಗೆ ಆ ಮಿತಿ 1 ಜೂಲ್‌ಗಿಂತ ತುಸು ಕಡಮೆ. ಅಮೆರಿಕದಲ್ಲಿ 1988ರ ಶಾಸನದ ಮೇರೆಗೆ ನಳಿಗೆಯ ತುದಿಗೆ ಕಿತ್ತಳೆಯ ಬಣ್ಣ ಕಡ್ಡಾಯವಾಯಿತು. ನಮ್ಮ 1959ರ ಆಯುಧ ಕಾಯಿದೆಯ 6ನೆಯ ಪ್ರಕರಣವು ನಕಲು ಕೋವಿಯನ್ನು ಪರವಾನಗಿಯಿಲ್ಲದೆ ನಿಜವಾದ ಕೋವಿಯಾಗಿ ಮಾರ್ಪಡಿಸುವುದನ್ನು ನಿಷೇಧಿಸಿದೆ. ಅದೇ ಕಾಯಿದೆಯ 45ನೆಯ ಪ್ರಕರಣವು ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಆಯುಧವನ್ನು ಬೇರೆಯಾಗಿ ಎಣಿಸುತ್ತದೆ. ನಕಲು ಯಾವುದು, ಮುದಿಯಾದ ಅಸಲು ಯಾವುದು, ಹಾರುವ ಅಸಲು ಯಾವುದು ಎಂಬ ವಿವೇಕ ಬರಿಯ ಹವ್ಯಾಸವಲ್ಲ, ನ್ಯಾಯದ ವಿಷಯವೂ ಆಗಿದೆ. ಕೊಳ್ಳುವ ಮೊದಲು ಅಧಿಕಾರಿಗಳನ್ನು ವಿಚಾರಿಸುವುದು ಸಂಗ್ರಾಹಕನ ಪ್ರಥಮ ಕರ್ತವ್ಯ.

ಹಾಗಾದರೆ ನಕಲು ರಿವಾಲ್ವರಿನ ಬೆಲೆ ಕಟ್ಟುವುದು ಹೇಗೆ? ಅದು ನೋಡುವವನನ್ನು ಎಷ್ಟು ಮೋಸಗೊಳಿಸುತ್ತದೆ ಎಂಬುದು ಅಳತೆಗೋಲಾಗಬಾರದು. ಅಸಲನ್ನು ಎಷ್ಟು ಕಲಿಸುತ್ತದೆ ಎಂಬುದೇ ಅಳತೆಗೋಲಾಗಬೇಕು. ಮೊದಲು ತೂಕ ಅಳತೆಗಳು. ವೆಬ್ಲಿಯ ಆರನೆಯ ಮಾದರಿಯ ಅಸಲು ಸುಮಾರು 286 ಮಿಲಿಮೀಟರ್ ಉದ್ದ, 1 ಕಿಲೋಗ್ರಾಮಿಗೆ ಸ್ವಲ್ಪ ಮೇಲ್ಪಟ್ಟ ತೂಕ. ನಕಲು ಇದಕ್ಕೆ ಎಷ್ಟು ಸಮೀಪವೆಂದು ತಕ್ಕಡಿಯೇ ಹೇಳಲಿ. ಎರಡನೆಯದು ಲೋಹ. ಅಸಲು ಉಕ್ಕಿನದು; ನಕಲುಗಳು ಬಹುಮಟ್ಟಿಗೆ ಸತುವಿನ ಮಿಶ್ರಲೋಹದವು, ಅಯಸ್ಕಾಂತ ಅವಕ್ಕೆ ಅಂಟದು; ಎರಕದ ಗೆರೆ ಹಿಡಿಯ ಕೆಳಗೋ ನಳಿಗೆಯ ಅಡಿಯಲ್ಲೋ ಇಣುಕುತ್ತದೆ. ಮೂರನೆಯದು ಚಲನೆ. ವೆಬ್ಲಿ ನಡುವೆ ಮಡಿಸಿ ತೆರೆಯುವಂತಹುದು. ತೆರೆದೊಡನೆ ತೋಟಾಗಳನ್ನು ಮೇಲಕ್ಕೆತ್ತುತ್ತದೆ. 1873ರ ಕೋಲ್ಟಿನಲ್ಲಾದರೋ ಬಲಗಡೆಯ ಪುಟ್ಟ ಬಾಗಿಲಿನಿಂದ ತೋಟಾಗಳನ್ನು ಒಂದೊಂದಾಗಿ ತುಂಬಬೇಕು; ಪ್ರತಿ ಈಡಿಗೂ ಕುದುರೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆಯಬೇಕು; ಹಾಗೆಳೆಯುವಾಗ ನಾಲ್ಕು ಬಾರಿ ಟಿಕ್ಕೆನ್ನುತ್ತದೆ. ಈ ಕ್ರಮಗಳನ್ನು ಪಾಲಿಸುವ ನಕಲು ಹಳೆಯ ಯಂತ್ರವನ್ನು ಕೈಗೆ ಕಲಿಸುವ ಗುರುವಾಗುತ್ತದೆ. ಕೆಲವು ನಕಲುಗಳಲ್ಲಿ ಅನಿಲವನ್ನು ಉರುಳೆಯೊಳಗೇ ತುಂಬುವರು. ಅವುಗಳ ಹೊರಮೈ ಎಷ್ಟು ಸುಂದರವಾದರೂ ಬಿಡಿ ತೋಟಾ ತುಂಬುವ ಪಾಠ ಅಲ್ಲಿಲ್ಲ. ಅನಿಲವನ್ನು ಹಿಡಿಯಲ್ಲಿಟ್ಟು ಬಿಡಿ ತೋಟಾಗಳನ್ನು ತುಂಬುವಂತೆ ಮಾಡಿದವು ಆ ದೃಷ್ಟಿಯಿಂದ ಮೇಲು. ನಾಲ್ಕನೆಯದು ಸಣ್ಣ ಸುಳ್ಳುಗಳು: 19ನೆಯ ಶತಮಾನದ ಆಯುಧದ ನಕಲಿನಲ್ಲಿ ಕೂಡುಗೆರೆಯ ತಲೆಯುಳ್ಳ ಸ್ಕ್ರೂ ಕಂಡರೆ ಅದು ಕಾಲವಿರುದ್ಧ, ಅದನ್ನು ಬರೆದಿಡಬೇಕು.

ಛಾಯಾಚಿತ್ರದ ಧರ್ಮವೂ ಇದೇ. ವಸ್ತುವನ್ನು ಭೀಕರವಾಗಿ ಕಾಣಿಸುವ ಕತ್ತಲು ಬೆಳಕಿನ ಆಟ ಸಿನಿಮಾಕ್ಕೆ ಸಲ್ಲಲಿ. ಸಂಗ್ರಾಹಕನಿಗೆ ಬೇಕಾದುದು ಸಮನಾದ ಬೆಳಕು. ಈ ವಿಷಯದಲ್ಲಿ ನಮ್ಮ ಮಳೆಗಾಲದ ಮೋಡ ಮುಸುಕಿದ ಹಗಲು ಒಂದು ವರವೆನ್ನಬಹುದು. ಉತ್ತರದ ಕಿಟಕಿಯ ಬಳಿ ಬಣ್ಣವಿಲ್ಲದ ಬಟ್ಟೆಯ ಮೇಲೆ ವಸ್ತುವನ್ನಿಟ್ಟು, ಬೆಳಕು ಹೆಚ್ಚೆನಿಸಿದರೆ ತೆಳ್ಳನೆಯ ಪಂಚೆಯೊಂದನ್ನು ಅಡ್ಡ ಹಿಡಿದರೆ ಲೋಹದ ಹೊಳಪು ಕಣ್ಣು ಕುಕ್ಕದು. ಎಡಮಗ್ಗುಲು, ಬಲಮಗ್ಗುಲು, ಮೇಲುನೋಟ, ತೆರೆದ ಉರುಳೆ, ನಳಿಗೆಯ ಬಾಯಿ ಇವುಗಳ ಚಿತ್ರಗಳನ್ನು ತಪ್ಪದೆ ತೆಗೆಯಬೇಕು. ಪಕ್ಕದಲ್ಲಿ ಅಳತೆಯ ಪಟ್ಟಿಯಿರಬೇಕು. ಒತ್ತಿದ ಅಕ್ಷರಗಳಿಗೆ ಬೆಳಕು ಓರೆಯಾಗಿ ಬಿದ್ದರೆ ಅವು ತಾವೇ ಎದ್ದು ನಿಲ್ಲುತ್ತವೆ. ಕಿತ್ತಳೆಯ ತುದಿಯನ್ನೂ ಬಣ್ಣ ಸುಲಿದ ಜಾಗವನ್ನೂ ಮರೆಮಾಚದೆ ತೋರಿಸಬೇಕು. ಆದರೆ ಮಳೆಗಾಲದ ವರದ ಹಿಂದೆ ಶಾಪವೂ ಉಂಟು: ಅದೇ ತೇವದಿಂದ ಕ್ಯಾಮೆರಾದ ಗಾಜಿಗೆ ಬೂಜು ಹಿಡಿಯುತ್ತದೆ, ಉಕ್ಕಿನ ಸ್ಕ್ರೂಗಳಿಗೆ ತುಕ್ಕು ಬರುತ್ತದೆ. ಕೆಲಸ ಮುಗಿದೊಡನೆ ಒರಸಿ ಒಣಗಿದೆಡೆಯಲ್ಲಿಡುವುದು ಅವಶ್ಯ.

ಈ ಪ್ರಾಮಾಣಿಕತೆಯಿಂದ ಪ್ರಯೋಜನವೇನೆಂದು ಕೇಳುವವರಿಗೆ ಎರಡು ಮಾತು. ಒಂದು, ನಕಲನ್ನು ಅಸಲೆಂದು ಬೀದಿಯಲ್ಲಿ ತೋರಿಸಿದವನ ಮುಂದೆ ನಿಂತವನಿಗೆ ಅದು ನಕಲೆಂದು ತಿಳಿಯುವ ಬಗೆಯಿಲ್ಲ. ಅವನ ಭಯವಾದರೂ ನಿಜವಾದುದು, ಅದರಿಂದ ಆಗುವ ಅನಾಹುತವೂ ನಿಜವಾದುದು. ಎರಡು, ನಕಲನ್ನು ಪುರಾತನವೆಂದು ಮಾರಿದರೆ ಕೊಂಡವನ ಹಣ ಮಾತ್ರವಲ್ಲದೆ ನಾಡಿನ ಚರಿತ್ರೆಯೂ ಕೆಡುತ್ತದೆ. ಮೈಸೂರಿನ ಕುಶಲನು ಹುಲಿಯ ಮುದ್ರೆಯನ್ನು ಒತ್ತಿ ತನ್ನ ಕೃತಿಯ ಮೂಲವನ್ನು ಸಾರಿದನು. ಇಂದಿನ ಸಂಗ್ರಾಹಕನು ‘ಇದು ನಕಲು’ ಎಂಬ ಚೀಟಿಯನ್ನು ಅಂಟಿಸಿ ಅದೇ ಕೆಲಸವನ್ನು ಮಾಡಬೇಕು.

ಈ ವಿದ್ಯೆಯನ್ನು ನಕಲಿನ ಮೇಲೆ ಕಲಿತವರು ಅಸಲಿನ ಮೇಲೂ ಪ್ರಯೋಗಿಸಲಿ ಎಂಬುದು ನಮ್ಮ ಪ್ರಾರ್ಥನೆ. ಪರವಾನಗಿಯ ಕೋವಿಯುಳ್ಳ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವುಗಳ ಹಳೆಯ ಕಾಗದಗಳಲ್ಲಿ ನರಸಿಂಹರಾಜಪುರದ ಬದಲು ‘ಯಡೇಹಳ್ಳಿ’ ಎಂದೋ, ಚಿಕ್ಕಮಗಳೂರು ಜಿಲ್ಲೆಯ ಬದಲು ‘ಕಡೂರು ಜಿಲ್ಲೆ’ ಎಂದೋ ಇದ್ದರೆ, ಆ ಒಂದು ಪದವೇ ಕಾಲನಿರ್ಣಯಕ್ಕೆ ನೆರವಾದೀತು. ಮನೆಯ ಹಿರಿಯರ ಅನುಮತಿ ಪಡೆದು, ತೋಟಾ ಇಲ್ಲವೆಂದು ಅವರಿಂದಲೇ ನಿಶ್ಚಯ ಮಾಡಿಸಿಕೊಂಡು, ಕೋವಿಯ ಎರಡು ಮಗ್ಗುಲುಗಳ ಚಿತ್ರ ತೆಗೆದು, ಅದರ ಗುರುತುಗಳನ್ನೂ ಹಿರಿಯರು ಹೇಳುವ ಕಥೆಯನ್ನೂ ಬರೆದಿಡತಕ್ಕದ್ದು. ಪೆಟ್ಲು ಮಾಡಬಲ್ಲ ಮುದುಕರೊಬ್ಬರು ಸಿಕ್ಕಿದರೆ ಅದನ್ನೂ ಮಾಡಿಸಿ ಚಿತ್ರ ತೆಗೆದುಕೊಳ್ಳುವುದು. ವಾಟೆ ಒಂದೆರಡು ಮಳೆಗಾಲದಲ್ಲಿ ಕೊಳೆತುಹೋಗುತ್ತದೆ. ಕೋವಿಯೂ ಒಂದು ದಿನ ಠಾಣೆಗೆ ಹೋಗಿ ಹಿಂದಿರುಗದಿರಬಹುದು. ಬರೆದಿಟ್ಟ ಮಾತು ಮುಂದಿನವರಿಗೆ ಉಳಿದೀತು.