ಮಿಲಿಟರಿ ಗೇಟಿನೊಳಗಿನ ಸಿವಿಲಿಯನ್



ಅಂಬರನಾಥ ಅಂದಕೂಡಲೇ ಇತಿಹಾಸಪ್ರಿಯರಿಗೆ ನೆನಪಾಗುವುದು ಕ್ರಿ.ಶ. 1060ರ ಶಿಲಾಹಾರರ ಕಾಲದ ಶಿವಾಲಯ. ಡೊಂಬಿವಲಿ, ಕಲ್ಯಾಣದಲ್ಲಿ ಮನೆ ಮಾಡಿದವರಿಗೆ ಮಾತ್ರ ಇನ್ನೊಂದು ಅಂಬರನಾಥವೂ ಗೊತ್ತು. ಅದು ಆರ್ಡನೆನ್ಸ್ ಫ್ಯಾಕ್ಟರಿಯ ಅಂಬರನಾಥ. ನವಿ ಮುಂಬಯಿ ಕಡೆಯವರಿಗೆ ಉರಣದ ಕರಂಜಾದಲ್ಲಿರುವ ನೌಕಾಪಡೆಯ ಶಸ್ತ್ರಾಗಾರ ಗೊತ್ತು. ಈ ಗೇಟುಗಳೊಳಗೆ ದುಡಿಯುವವರಲ್ಲಿ ಬಹುಪಾಲು ಸೈನಿಕರಲ್ಲ. ಫಿಟ್ಟರ್, ಗುಮಾಸ್ತ, ಅಡುಗೆಯವ, ಕಾವಲುಗಾರ, ಹೀಗೆ ನಮ್ಮ ನಿಮ್ಮಂಥವರು. ಸರ್ಕಾರಿ ಭಾಷೆಯಲ್ಲಿ ಡಿಫೆನ್ಸ್ ಸಿವಿಲಿಯನ್ನರು.

ಇವರಿಗೆ ಅನ್ಯಾಯವಾದರೆ ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆಗೆ ಉತ್ತರ ಸಿಗಲು ದಶಕಗಳೇ ಹಿಡಿದವು.

ತೊಡಕು ಶುರುವಾಗುವುದು 1950ರ ಸಂವಿಧಾನದಲ್ಲೇ. ಸರ್ಕಾರಿ ನೌಕರನನ್ನು ಆರೋಪ ತಿಳಿಸದೆ, ಅವನ ಮಾತು ಕೇಳದೆ ವಜಾ ಮಾಡಬಾರದು ಎನ್ನುವುದು 311ನೇ ವಿಧಿ. ಅದಕ್ಕೆ ಮುಂಚಿನ 310ನೇ ವಿಧಿಯಲ್ಲಿ ‘ರಕ್ಷಣೆಗೆ ಸಂಬಂಧಿಸಿದ ಹುದ್ದೆ’ ಎಂಬ ಮಾತಿದೆ, 311ರಲ್ಲಿ ಅದಿಲ್ಲ! ಆ ಮಾತು ಬಿಟ್ಟುಹೋದದ್ದರಿಂದ ಡಿಫೆನ್ಸ್ ಸಿವಿಲಿಯನ್ನರಿಗೆ 311ರ ಆಸರೆ ಇಲ್ಲವೆಂದು ಸುಪ್ರೀಂ ಕೋರ್ಟು 1971ರ ಖುರಾನಾ ಮೊಕದ್ದಮೆಯಲ್ಲಿ ಹೇಳಿತು. 1989ರಲ್ಲಿ ಸುಬ್ರಮಣಿಯನ್ ಮೊಕದ್ದಮೆಯಲ್ಲೂ ಅದನ್ನೇ ಹೇಳಿತು.

ಇವೆರಡರ ನಡುವೆ ಬಂದದ್ದು ಸಿಕಂದರಾಬಾದ್ ಮತ್ತು ಹೈದರಾಬಾದಿನ ಸೇನಾ ಕೇಂದ್ರಗಳ ನೌಕರರ ಮೊಕದ್ದಮೆ. ಅಡುಗೆಯವರು, ಚೌಕೀದಾರರು, ಕ್ಷೌರಿಕರು, ಬಡಗಿಗಳು, ದರ್ಜಿಗಳು ಸೇರಿ ಸಂಘ ಕಟ್ಟಿಕೊಂಡಿದ್ದರು. ಅದು ಸಲ್ಲದು ಎಂದರು ಅಧಿಕಾರಿಗಳು. ಇವರು ಸೇನೆಯ ಜೊತೆ ಶಿಬಿರಕ್ಕೂ ನಡಿಗೆಗೂ ಹೋಗುವವರು, ಆದ್ದರಿಂದ 33ನೇ ವಿಧಿಯ ಮಟ್ಟಿಗೆ ಸಶಸ್ತ್ರ ಪಡೆಯವರೇ ಎಂದು 1975ರ ನವೆಂಬರಿನಲ್ಲಿ ಕೋರ್ಟು ತೀರ್ಪಿತ್ತಿತು. ಅಂದರೆ ಸೂಜಿ ಹಿಡಿದ ದರ್ಜಿ, ಹಕ್ಕು ಕಳೆದುಕೊಳ್ಳುವಾಗ ಸಿಪಾಯಿ! ಅದೇ ಹೊತ್ತಿಗೆ ಬಂದೂಕಿನ ಮದ್ದು ತಯಾರಿಸುವ ಕಾರ್ಖಾನೆಗಳ ಕಾರ್ಮಿಕರಿಗೆ ಯೂನಿಯನ್ ಇತ್ತು. ಎಸ್. ಎಂ. ಜೋಶಿಯಂಥ ಸಮಾಜವಾದಿ ನಾಯಕರು ಅವರ ಒಕ್ಕೂಟವನ್ನು ಮುನ್ನಡೆಸಿದ್ದರು. ಈ ವ್ಯತ್ಯಾಸ ನನಗಂತೂ ಇಂದಿಗೂ ಸರಿಯಾಗಿ ಜೀರ್ಣವಾಗಿಲ್ಲ.

ಅಮೆರಿಕದಲ್ಲಿ ಈ ವಿಷಯ ಬೇಗ ಬಿಸಿಯೇರಿತ್ತು. ಕಪ್ಪು ಕಾರ್ಮಿಕರ ನಾಯಕ ಫಿಲಿಪ್ ರಾಂಡಾಲ್ಫ್ ವಾಷಿಂಗ್ಟನ್ನಿಗೆ ಮೆರವಣಿಗೆ ಹೊರಡಿಸುತ್ತೇನೆ ಎಂದದ್ದಕ್ಕೆ, ಯುದ್ಧ ಸಾಮಗ್ರಿ ಉದ್ಯಮದಲ್ಲಿ ವರ್ಣಭೇದ ಕೂಡದೆಂದು ಅಧ್ಯಕ್ಷ ರೂಸ್‌ವೆಲ್ಟ್ 1941ರ ಜೂನಿನಲ್ಲಿ ಆಜ್ಞೆ ಹೊರಡಿಸಿದರು.

ನಮ್ಮಲ್ಲಿ ನಿಜವಾದ ಬಾಗಿಲು ತೆರೆದದ್ದು 1985ರಲ್ಲಿ, ಕೇಂದ್ರ ಆಡಳಿತ ನ್ಯಾಯಮಂಡಳಿ ಅಂದರೆ ‘ಕ್ಯಾಟ್’ ಬಂದಾಗ. ಸೈನಿಕರನ್ನು ಹೊರಗಿಟ್ಟ ಆ ಕಾಯ್ದೆ, ಸಿವಿಲಿಯನ್ನರು ತುಂಬುವ ರಕ್ಷಣಾ ಹುದ್ದೆಗಳನ್ನು ಹೆಸರಿಸಿಯೇ ಒಳಗೆ ಸೇರಿಸಿತು. ಬಡ್ತಿ, ಹಿರಿತನ, ವೇತನದಲ್ಲಿ ತಾರತಮ್ಯವಾದರೆ 14 ಮತ್ತು 16ನೇ ವಿಧಿಗಳನ್ನು ಹಿಡಿದು ಅಲ್ಲಿ ವಾದಿಸಬಹುದಾಯಿತು. ಅರ್ಜಿ ಶುಲ್ಕ 50 ರೂಪಾಯಿ. ಸಾಮಾನ್ಯವಾಗಿ ಆದೇಶದಿಂದ ಒಂದು ವರ್ಷದೊಳಗೆ ಹೋಗಬೇಕು. ಮುಂಬಯಿ ಪೀಠ ಮೊದಮೊದಲು ಕೂತದ್ದು ಎಲ್ಲಿ ಗೊತ್ತೇ? ನಮ್ಮ ಬೇಲಾಪುರದಲ್ಲಿ! ಆ ಕಾಲದ ತೀರ್ಪುಗಳ ತಲೆಬರಹದಲ್ಲಿ ‘ನ್ಯೂ ಬಾಂಬೆ ಪೀಠ’ ಎಂದೇ ಇದೆ. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಹೈಕೋರ್ಟಿಗೆ ಹೋಗಬಹುದೆಂದು 1997ರ ಚಂದ್ರಕುಮಾರ್ ತೀರ್ಪು ಹೇಳಿತು.

ಎಲ್ಲರಿಗೂ ಈ ಬಾಗಿಲು ದಕ್ಕಲಿಲ್ಲ. ಯೂನಿಟ್ ಕ್ಯಾಂಟೀನಿನಲ್ಲಿ ಸಾಬೂನು, ಬಿಸ್ಕತ್ತು ಮಾರುವವರೂ ಸರ್ಕಾರಿ ನೌಕರರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟು ಹೇಳಿದಾಗ ಅವರಲ್ಲಿ ಆಸೆ ಚಿಗುರಿತು. 2009ರಲ್ಲಿ ಪಿಳ್ಳೈ ಮೊಕದ್ದಮೆಯ ತೀರ್ಪು ಅದನ್ನು ತಿರುವಿಹಾಕಿತು. ಆ ಕ್ಯಾಂಟೀನು ನಡೆಯುವುದು ಸರ್ಕಾರದ ಸಂಚಿತ ನಿಧಿಯಿಂದಲ್ಲ ಎಂಬುದು ಕಾರಣ. ಅದೇ ಸಾಬೂನನ್ನು ಕ್ಯಾಂಟೀನಿಗೆ ಕಳಿಸುವ ಸಿಎಸ್‌ಡಿ ಡಿಪೋದ ನೌಕರ ಮಾತ್ರ ಸರ್ಕಾರದವನು.

2021ರ ಅಕ್ಟೋಬರ್ 1ರಂದು ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿಯೇ ರದ್ದಾಯಿತು. 41 ಕಾರ್ಖಾನೆಗಳು ಏಳು ನಿಗಮಗಳಿಗೆ ಹಂಚಿಹೋದವು. ಅಂಬರನಾಥದ ಆರ್ಡನೆನ್ಸ್ ಫ್ಯಾಕ್ಟರಿ ಯಂತ್ರ ಇಂಡಿಯಾಕ್ಕೆ, ಪಕ್ಕದ ಮಷೀನ್ ಟೂಲ್ ಪ್ರೊಟೊಟೈಪ್ ಫ್ಯಾಕ್ಟರಿ ಆರ್ಮರ್ಡ್ ವೆಹಿಕಲ್ಸ್ ನಿಗಮಕ್ಕೆ ಸೇರಿದವು. ನೌಕರರನ್ನು ಎರಡು ವರ್ಷದ ಡೆಪ್ಯುಟೇಶನ್ ಮೇಲೆ ಅಲ್ಲಿಗೆ ಕಳಿಸಲಾಯಿತು, ಆಮೇಲೆ ಆ ಅವಧಿ ಮುಂದುವರಿಯಿತು. ಅಲ್ಲಿಯವರೆಗೆ ಅವರು ಕೇಂದ್ರ ಸರ್ಕಾರದವರೇ. ನಿಗಮದ ಖಾಯಂ ನೌಕರರಾದರೆ, ಕೇಂದ್ರ ಸರ್ಕಾರ ಆ ನಿಗಮದ ಹೆಸರಿನಲ್ಲಿ ಪ್ರತ್ಯೇಕ ಅಧಿಸೂಚನೆ ಹೊರಡಿಸದ ಹೊರತು ಕ್ಯಾಟ್ ಬಾಗಿಲು ಅವರಿಗೆ ತೆರೆಯದು.