ಪಿಂಚಣಿದಾರರ ಕ್ಯಾಮೆರಾ, ಊರಿನ ಚರಿತ್ರೆ

ಬೈಲಹೊಂಗಲ, ಕಿತ್ತೂರು ಸೀಮೆಯಲ್ಲಿ ರಾಣಿ ಚೆನ್ನಮ್ಮನ ಪಟವಿಲ್ಲದ ಶಾಲೆ ಸಿಗುವುದು ಕಷ್ಟ. ಕುದುರೆಯೇರಿ ಕತ್ತಿ ಹಿರಿದ ಆಕೆಯ ಪ್ರತಿಮೆ ಊರೂರಿನ ಚೌಕಗಳಲ್ಲಿದೆ, 2007ರಿಂದ ದಿಲ್ಲಿಯ ಸಂಸತ್ ಭವನದ ಆವರಣದಲ್ಲೂ ಇದೆ. ಆದರೆ ಈ ಮುಖ ಕ್ಯಾಮೆರಾ ಕಂಡ ಮುಖವಲ್ಲ, ಕಲಾವಿದರು ಅಭಿಮಾನದಿಂದ ಕಟ್ಟಿಕೊಟ್ಟದ್ದು. ರಾಣಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು 1829ರಲ್ಲಿ. ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಫೋಟೋ ತೆಗೆಯುವ ವಿದ್ಯೆಯನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಹತ್ತು ವರ್ಷಗಳ ಅಂತರದಲ್ಲಿ ನಮ್ಮ ಸೀಮೆಯ ಎರಡು ದೊಡ್ಡ ಮುಖಗಳು ಕ್ಯಾಮೆರಾಕ್ಕೆ ಸಿಗದೆ ಹೋದವು.

ಅದಕ್ಕೆ ಕಾಲವನ್ನು ದೂರಬಹುದು. ಆದರೆ ಆಮೇಲೆ ಬಾಳಿ ಹೋದವರ ಗತಿ ಏನಾಯಿತು? ಕ್ಯಾಮೆರಾ ಬಂದ ಮೇಲೂ ನಮ್ಮ ಎಷ್ಟು ಹಿರಿಯರ ಮುಖ ಉಳಿದಿದೆ? ಮುಖ ಉಳಿದವರಲ್ಲಿ ಎಷ್ಟು ಜನರ ಹೆಸರು ಉಳಿದಿದೆ? ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಂಥ ಊರುಗಳಲ್ಲಿ ನೌಕರಿಯಿಂದ ನಿವೃತ್ತರಾಗಿ ಕ್ಯಾಮೆರಾ ಹೆಗಲಿಗೇರಿಸಿದ ಹಿರಿಯರನ್ನು ಕಂಡಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಮಾಸ್ತರಿಕೆ, ತಲಾಠಿಕೆ, ಬ್ಯಾಂಕು, ಅಂಚೆ ಎಂದು ಮೂವತ್ತು ಮೂವತ್ತೈದು ವರ್ಷ ದುಡಿದವರು ಅರವತ್ತರ ನಂತರ ಬೆಳಗಿನ ಬಿಸಿಲು ಹುಡುಕಿಕೊಂಡು ಹೊರಟರೆ ಜನ ನಗುತ್ತಾರೆ. 'ಸಾಹೇಬರಿಗೆ ಈ ವಯಸ್ಸಿನಲ್ಲಿ ಷೋಕಿ' ಎನ್ನುತ್ತಾರೆ.

ಈ ಷೋಕಿ ಎಂಬ ಮಾತು ಉರ್ದುವಿನ 'ಶೌಕ್'ನಿಂದ ಬಂದದ್ದು. ಅಲ್ಲಿ ಅದರ ಅರ್ಥ ಒಲವು, ಮನಸ್ಸಿನ ಹಂಬಲ. ಕನ್ನಡಕ್ಕೆ ಬರುವ ದಾರಿಯಲ್ಲಿ ಮಾತಿನ ಬೆಲೆ ಇಳಿದು ಬರಿಯ ಥಳುಕು ಎಂಬ ಅರ್ಥ ಉಳಿಯಿತು. ಅದೇ ದಾರಿಯಲ್ಲಿ ಬಂದ ಇನ್ನೊಂದು ಮಾತು ಪುರಸೊತ್ತು. ಇದು ಮಾತ್ರ ತನ್ನ ಅರ್ಥ ಕಳೆದುಕೊಳ್ಳಲಿಲ್ಲ. ಶೌಕು ಮತ್ತು ಪುರಸೊತ್ತು ಕೂಡಿದಾಗ ಏನು ಹುಟ್ಟಬಹುದು ಎಂಬುದನ್ನು ನಮ್ಮ ನಾಡಿನ ಫೋಟೋಗಳ ಚರಿತ್ರೆಯೇ ಹೇಳುತ್ತದೆ.

ಹವ್ಯಾಸಿಗಳು ಬಿಟ್ಟುಹೋದ ನಾಡು

ನಮ್ಮ ನಾಡಿನ ಮೊದಮೊದಲ ಫೋಟೋಗಳಲ್ಲಿ ಹೆಸರಾದವುಗಳನ್ನು ತೆಗೆದವರು ಹೊಟ್ಟೆಪಾಡಿಗೆ ಸ್ಟುಡಿಯೋ ಇಟ್ಟವರಲ್ಲ. ಅವರು ಸೈನ್ಯದ ಅಧಿಕಾರಿಗಳು, ವೈದ್ಯರು. ಮುಂಬಯಿಯಲ್ಲಿ 1854ರಲ್ಲೇ ಫೋಟೋಗ್ರಫಿ ಸೊಸೈಟಿ ಹುಟ್ಟಿತ್ತು. ಡಾ. ಭಾವು ದಾಜಿ, ಅವರ ತಮ್ಮ ನಾರಾಯಣ ದಾಜಿಯವರಂಥ ಭಾರತೀಯರೂ ಅದರಲ್ಲಿದ್ದರು. ಮದರಾಸಿನಲ್ಲಿ 1856ರಲ್ಲಿ ಅಂಥದೇ ಸಂಘ ಆಯಿತು. ಅದರ ಪ್ರಮುಖರಲ್ಲಿ ಒಬ್ಬರು ವಾಲ್ಟರ್ ಎಲಿಯಟ್. ಕಿತ್ತೂರಿನ ಓದುಗರಿಗೆ ಈ ಹೆಸರು ಹೊಸದಲ್ಲ. 1824ರ ಅಕ್ಟೋಬರದಲ್ಲಿ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕೋಟೆಯಲ್ಲಿ ಸೆರೆಸಿಕ್ಕ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಈತನೇ, ಇನ್ನೊಬ್ಬ ಸ್ಟೀವನ್ಸನ್. ಚೆನ್ನಮ್ಮನ ಕೋಟೆಯನ್ನು ಒಳಗಿನಿಂದ ಕಂಡಿದ್ದ ಮನುಷ್ಯ ಮೂವತ್ತು ವರ್ಷಗಳ ನಂತರ ಫೋಟೋ ತೆಗೆಯುವವರ ಸಂಘದಲ್ಲಿ ಕೂತಿದ್ದ. ಆಗ ಕೋಟೆ ಹಾಳಾಗಿತ್ತು, ರಾಣಿಯೂ ಇರಲಿಲ್ಲ.

1855ರಲ್ಲಿ ಕಂಪನಿ ಸರ್ಕಾರ ಮುಂಬಯಿ ಫಿರಂಗಿದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಎಂಬವರನ್ನು ಬಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳ ಫೋಟೋ ತೆಗೆಯಲು ಕಳಿಸಿತು. ಅದೇ ವರ್ಷ ಅವರನ್ನು ಸೈನ್ಯಕ್ಕೆ ಮರಳಿ ಕರೆಸಿಕೊಂಡಿತು. ಉಳಿದ ಕೆಲಸ ಡಾ. ಪಿಗೌ ಎಂಬ ವೈದ್ಯರಿಗೆ ಬಂತು. 1858ರಲ್ಲಿ ಅವರೂ ತೀರಿಕೊಂಡರು. ಹಳೇಬೀಡು ಕಡೆ ಇದೇ ಕೆಲಸ ಮಾಡಿದ ಡಾ. ನೀಲ್ ಕೂಡ ವೈದ್ಯರೇ. ಆಗ ಕ್ಯಾಮೆರಾ ಎಂದರೆ ಗಾಡಿಯ ಮೇಲೆ ಹೇರಬೇಕಾದ ಪೆಟ್ಟಿಗೆ. ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಕಲ್ಲು ಅಲುಗಾಡುವುದಿಲ್ಲ, ಅದು ಚೆನ್ನಾಗಿ ಮೂಡಿತು. ಮನುಷ್ಯ ಅಲುಗಾಡುತ್ತಾನೆ, ಅವನು ಮಂಜಾದ.

ಆ ಫೋಟೋಗಳು ಹತ್ತು ವರ್ಷ ಹಾಗೇ ಬಿದ್ದಿದ್ದವು. 1866ರಲ್ಲಿ ಲಂಡನ್ನಿನಲ್ಲಿ ಬಿಜಾಪುರದ ಮೇಲೊಂದು, ಧಾರವಾಡ ಮತ್ತು ಮೈಸೂರಿನ ಮೇಲೊಂದು ದೊಡ್ಡ ಪುಸ್ತಕ ಬಂತು. ಪುಟಗಳಿಗೆ ಅಸಲು ಫೋಟೋಗಳನ್ನೇ ಅಂಟಿಸಿದ್ದರು. ಧಾರವಾಡದ ಪುಸ್ತಕಕ್ಕೆ ಆಶ್ರಯ ಕೊಟ್ಟವರು ಮುಂಬಯಿಯ ಹತ್ತಿ ವ್ಯಾಪಾರಿ ಪ್ರೇಮಚಂದ ರಾಯಚಂದ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿಗೆ ಬಂದ ಬೆಲೆಯಲ್ಲಿ ಮುಂಬಯಿ ಹಣ ಕಂಡ ಕಾಲ ಅದು. ನಮ್ಮ ಎರೆಮಣ್ಣಿನ ಹತ್ತಿಯೂ ಅದೇ ಪೇಟೆಗೆ ಹೋಗುತ್ತಿತ್ತು.

ಈ ಎರಡೂ ಪುಸ್ತಕಗಳಿಗೆ ಚರಿತ್ರೆಯ ಬರಹ ಬರೆದವರು ಸುರಪುರದ ನೆನಪಿನಲ್ಲಿ ಇಂದಿಗೂ ಇರುವ ಮೆಡೋಸ್ ಟೇಲರ್. ನಿಜಾಮರ ನೌಕರಿಯಲ್ಲಿ ಆಯುಷ್ಯ ಕಳೆದು, ಆರೋಗ್ಯ ಕೆಟ್ಟು 1860ರಲ್ಲಿ ಹಿಂದೂಸ್ತಾನ ಬಿಟ್ಟವರು ಅವರು. ಕಟ್ಟಡಗಳ ವಿಚಾರ ಬರೆದ ಜೇಮ್ಸ್ ಫರ್ಗುಸನ್ ಬಂಗಾಳದಲ್ಲಿ ನೀಲಿಯ ವ್ಯಾಪಾರ ಮಾಡಿ, ಬೇಗನೆ ಅದನ್ನು ಬಿಟ್ಟು ಲಂಡನ್ನಿನಲ್ಲಿ ಕೂತವರು. ಫೋಟೋ ತೆಗೆದವರು ಯಾರೋ, ಅದಕ್ಕೆ ಮಾತು ಕೊಟ್ಟವರು ನೌಕರಿ, ವ್ಯಾಪಾರಗಳಿಂದ ಬಿಡುಗಡೆಯಾದ ಈ ಇಬ್ಬರು. ಟೇಲರ್ ಬರೆಯದಿದ್ದರೆ ಓದುಗನಿಗೆ ಗೋಳಗುಮ್ಮಟದ ಫೋಟೋ ಒಂದು ದೊಡ್ಡ ಗುಮ್ಮಟದ ಫೋಟೋ ಆಗಿ ಉಳಿಯುತ್ತಿತ್ತು. ಆದಿಲಶಾಹಿಯ ಏಳುಬೀಳಿನ ಕಥೆ ಅದರ ಜೊತೆ ಸೇರಿದ್ದು ನಿವೃತ್ತನೊಬ್ಬನ ಪುರಸೊತ್ತಿನಿಂದ.

ಇಂಥದೇ ಇನ್ನೊಂದು ಉದಾಹರಣೆ ಹೆನ್ರಿ ಕಸೆನ್ಸ್. ಇವರು ಹವ್ಯಾಸಿಯಲ್ಲ, ಪುರಾತತ್ವ ಇಲಾಖೆಯ ನೌಕರರು. ನಮ್ಮ ಜಿಲ್ಲೆಗಳ ಗುಡಿ, ಮಸೀದಿಗಳನ್ನು ಅಳೆದು, ಫೋಟೋ ತೆಗೆಸಿ ನಿವೃತ್ತರಾದದ್ದು 1910ರಲ್ಲಿ. ಬಿಜಾಪುರದ ಕಟ್ಟಡಗಳ ಮೇಲಿನ ಅವರ ಗ್ರಂಥ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥ 1926ರಲ್ಲಿ ಬಂದವು. ನೌಕರಿಯಲ್ಲಿ ಕೂಡಿಹಾಕಿದ್ದು ನಿವೃತ್ತಿಯಲ್ಲಿ ಅರ್ಥ ಪಡೆಯಿತು.

ಹವ್ಯಾಸಿಯ ಫೋಟೋಕ್ಕೆ ಇರುವ ಬೆಲೆಯನ್ನು ಹಂಪಿ ಇನ್ನೂ ಚೆನ್ನಾಗಿ ಹೇಳುತ್ತದೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಮದರಾಸು ಸೈನ್ಯದ ಅಧಿಕಾರಿ ತನ್ನ ಶೌಕಿಗಾಗಿ ಹಂಪಿಯ ಫೋಟೋ ತೆಗೆದ. ಮೇಣ ಸವರಿದ ದೊಡ್ಡ ಕಾಗದದ ಅರವತ್ತರಷ್ಟು ನೆಗೆಟಿವ್‌ಗಳು ಒಂದು ಶತಮಾನಕ್ಕೂ ಹೆಚ್ಚು ಕಾಲ ಮರೆಯಾಗಿದ್ದು 1980ರಲ್ಲಿ ಇಂಗ್ಲೆಂಡಿನಲ್ಲಿ ಸಿಕ್ಕವು. 1983ರಲ್ಲಿ ಜಾನ್ ಗೋಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ವಿಠ್ಠಲ ಗುಡಿಯ ಕಲ್ಲಿನ ರಥವನ್ನು ಕಾಣದವರು ಯಾರು? ಅದರ ನೆತ್ತಿಯ ಮೇಲೆ ಇಟ್ಟಿಗೆಯ ಗೋಪುರವೊಂದಿತ್ತು ಎಂಬುದನ್ನು ಗ್ರೀನ್‌ಲಾನ ಫೋಟೋ ಕಣ್ಣಾರೆ ತೋರಿಸುತ್ತದೆ. ಗೋಪುರ ಈಗಿಲ್ಲ. ಅದನ್ನು ಕಂಡವರೂ ಇಲ್ಲ.

ಹೆಸರಿಲ್ಲದೆ ನಿಂತವರು

ಈ ಹಳೆಯ ಫೋಟೋಗಳನ್ನು ನೋಡುವಾಗ ಒಂದು ಕೊರಗು ಉಳಿದೇ ಉಳಿಯುತ್ತದೆ. ಕಂಬದ ಪಕ್ಕ, ಬಾಗಿಲ ಬಳಿ ಎಲ್ಲೋ ಒಬ್ಬ ರುಮಾಲು ಸುತ್ತಿದ ಮನುಷ್ಯ ನಿಂತಿರುತ್ತಾನೆ. ಕಟ್ಟಡದ ಎತ್ತರ ತಿಳಿಯಲೆಂದು ಅವನನ್ನು ನಿಲ್ಲಿಸಿದ್ದಾರೆ. ರಾಜನ ಹೆಸರು, ಗುಡಿಯ ಹೆಸರು, ಫೋಟೋ ತೆಗೆದವನ ಹೆಸರು ಎಲ್ಲವೂ ಪುಸ್ತಕದಲ್ಲಿದೆ. ಇವನ ಹೆಸರು ಮಾತ್ರ ಇಲ್ಲ. ಇವನು ಒಂದು ಅಳತೆಗೋಲು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಉದಾರಿಗಳಾಗಿದ್ದರು. ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ ಕಟ್ಟಿಸಿದ ಹನ್ನೆರಡನೆಯ ಶತಮಾನದ ಗುಡಿಯಿದೆ. ಅಲ್ಲಿನ ಶಾಸನ ರಾಣಿಯ ಜೊತೆಗೆ ಗುಡಿ ಕಟ್ಟಿದ ಶಿಲ್ಪಿಯ ಹೆಸರನ್ನೂ ಹೇಳುತ್ತದೆ: ತಿಪ್ಪೋಜ. ಎಂಟು ನೂರು ವರ್ಷಗಳ ಹಿಂದಿನ ಕಲ್ಲುಕುಟಿಗನ ಹೆಸರು ನಮಗೆ ಗೊತ್ತು. ನೂರಾ ಎಪ್ಪತ್ತು ವರ್ಷಗಳ ಹಿಂದೆ ಕ್ಯಾಮೆರಾದ ಮುಂದೆ ನಿಂತವನ ಹೆಸರು ಗೊತ್ತಿಲ್ಲ.

ಸ್ವಾತಂತ್ರ್ಯಾನಂತರದ ಹವ್ಯಾಸಿಗಳೂ ಈ ಕೊರತೆಯನ್ನು ಪೂರ್ತಿ ತುಂಬಲಿಲ್ಲ. 1953ರಲ್ಲಿ ಬೆಂಗಳೂರಿನ ವೈದ್ಯ ಡಾ. ಜಿ. ಥಾಮಸ್ ಅವರ ಮುಂದಾಳುತನದಲ್ಲಿ ಭಾರತದ ಫೋಟೋ ಸಂಘಗಳ ಒಕ್ಕೂಟ ಹುಟ್ಟಿತು. 1971ರಲ್ಲಿ ಅದೇ ನಗರದಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಬಂತು. ಹಗಲು ಬೇರೆ ಕೆಲಸ ಮಾಡಿ ರಾತ್ರಿ ಕತ್ತಲೆ ಕೋಣೆಯಲ್ಲಿ ಕೈ ತೋಯಿಸಿಕೊಂಡವರು ಕರ್ನಾಟಕದ ಹೆಸರನ್ನು ದೇಶವಿದೇಶಗಳ ಪ್ರದರ್ಶನಗಳಿಗೆ ಮುಟ್ಟಿಸಿದರು. ಸಂಡೂರಿನ ಎಂ. ವೈ. ಘೋರ್ಪಡೆಯವರು ಮಂತ್ರಿಗಿರಿಯ ನಡುವೆಯೂ ಕಾಡುಪ್ರಾಣಿಗಳ ಬೆನ್ನು ಹತ್ತಿದರು. ಇವರ ಸಾಧನೆ ಸಣ್ಣದಲ್ಲ. ಆದರೆ ಸ್ಪರ್ಧೆಯ ಫೋಟೋಕ್ಕೆ ತನ್ನದೇ ರಿವಾಜಿದೆ. ಅಲ್ಲಿ ಸುಕ್ಕುಗಟ್ಟಿದ ಮುಖಕ್ಕೆ 'ಮುಪ್ಪು' ಎಂಬ ಶೀರ್ಷಿಕೆ ಸಾಕು. ಆ ಮುದುಕ ಯಾರ ಮಗ, ಯಾವ ಓಣಿಯವನು ಎಂದು ತೀರ್ಪುಗಾರರು ಕೇಳುವುದಿಲ್ಲ.

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಇದರ ಕಷ್ಟ ಕಣ್ಣಿಗೆ ಕಾಣುತ್ತದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಉದ್ದನೆಯ ಲೆನ್ಸು ಹಿಡಿದು ದೂರದ ನಗರಗಳಿಂದ ಬರುವವರಿದ್ದಾರೆ. ಭಂಡಾರ ಮೆತ್ತಿದ ಜೋಗತಿಯ ಮುಖ ಅವರಿಗೆ ಒಂದು ಒಳ್ಳೆಯ ಬಣ್ಣ. ದೇವದಾಸಿಯರನ್ನು ಬಿಡುವುದನ್ನು ಕರ್ನಾಟಕ ಕಾಯಿದೆ ಮಾಡಿ ನಿಷೇಧಿಸಿದ್ದು 1982ರಲ್ಲಿ. ಆ ಕಾಯಿದೆಯ ಹಿಂದಿನ ಸಂಕಟವನ್ನು ಮೈಮೇಲೆ ಹೊತ್ತ ಹೆಂಗಸನ್ನು ಕೇಳದೆ ಫೋಟೋ ಹೊಡೆದು ಬಹುಮಾನ ಪಡೆಯುವುದು ಅವಳನ್ನು ಇನ್ನೊಮ್ಮೆ ದೋಚಿದಂತೆ. ಅದೇ ಊರಿನ ನಿವೃತ್ತ ಮಾಸ್ತರರಿಗೆ ಅವಳ ಮಗ ಶಿಷ್ಯನಾಗಿದ್ದಿರಬಹುದು. ಅವರು 'ಏನವ್ವಾ, ಆರಾಮಿದ್ದೀಯಾ? ಒಂದು ಪಟ ತಗೀಲ್ಯಾ?' ಎಂದು ಕೇಳಬಲ್ಲರು. ಅವಳು ಬೇಡ ಎಂದರೆ ಕ್ಯಾಮೆರಾ ಇಳಿಸಬಲ್ಲರು. ಪರಊರಿನವನಿಗೆ ಎಷ್ಟು ದುಬಾರಿ ಲೆನ್ಸಿದ್ದರೂ ಈ ಸಲಿಗೆ ದುಡ್ಡಿಗೆ ಸಿಗುವುದಿಲ್ಲ.

ನಮ್ಮ ಮನೆಗಳ ಖಾಲಿ ಗೋಡೆ

ಮುಸ್ಲಿಂ ಮನೆಗಳ ಮಾತು ಸ್ವಲ್ಪ ಬೇರೆ. ತಸ್ವೀರಿನ ಬಗ್ಗೆ ಧಾರ್ಮಿಕ ಸಂಕೋಚ ಹಳೆಯದು, ಉಲೇಮಾಗಳಲ್ಲೂ ಇದರ ಬಗ್ಗೆ ಒಂದೇ ಅಭಿಪ್ರಾಯವಿಲ್ಲ. ಹೀಗಾಗಿ ಎಷ್ಟೋ ಕುಟುಂಬಗಳಲ್ಲಿ ಹಜ್ ಯಾತ್ರೆಯ ಕಾಗದಪತ್ರಕ್ಕೆ ತೆಗೆಸಿದ ಚಿಕ್ಕ ಪಟವೇ ಅಜ್ಜನ ಒಂದೇ ಪಟ. ದಾದಿಯ ಮುಖ 1993ರಿಂದ ಬಂದ ಮತದಾರರ ಚೀಟಿಯಲ್ಲಿ, ಅದೂ ಅರೆಬರೆ ಮಸುಕಾಗಿ ಉಳಿದಿದೆ. ಇದು ನಮ್ಮವರಿಗಷ್ಟೇ ಆದ ಕಥೆಯಲ್ಲ. ವಾಡೆಯ ಒಳಗೇ ಬಾಳಿದ ದೇಸಾಯರ ಸೊಸೆಯಂದಿರಿಗೆ, ಸ್ಟುಡಿಯೋದ ಮೆಟ್ಟಿಲು ಹತ್ತಲು ಕಾಸಿಲ್ಲದ ಕೂಲಿಯವರಿಗೆ, ಒಳಗೆ ಬಿಟ್ಟುಕೊಳ್ಳದ ಕೇರಿಯವರಿಗೆ ಇದೇ ಗತಿಯಾಯಿತು. ಮುಖದ ಪಟ ಬೇಡವೆನ್ನುವವರ ಮನಸ್ಸು ನೋಯಿಸಬೇಕಿಲ್ಲ. ಅವರ ಕೈಯ ಕಸೂತಿ, ಅವರು ಬೀಸಿದ ಕಲ್ಲು, ಅವರು ಕೂತ ಪಡಸಾಲೆ, ಓದಿದ ಕುರ್‌ಆನಿನ ರೆಹಲು ಇವುಗಳ ಫೋಟೋಕ್ಕೆ ಯಾರ ಅಡ್ಡಿಯೂ ಇರಲಿಕ್ಕಿಲ್ಲ.

ಹಾಗೆಯೇ ಈ ಸೀಮೆಯ ಮೊಹರಂ. ಊರವರೆಲ್ಲ ಕೂಡಿ ಕೂಡ್ರಿಸುವ ಪಂಜೆ, ಡೋಲಿ, ಅಲಾವಿಯ ಸುತ್ತಲಿನ ಹೆಜ್ಜೆ, ಹರಕೆಯ ಹುಲಿವೇಷ. ಮುಸಲ್ಮಾನರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಇದು ನಡೆದು ಬಂದಿದೆ. ಯಾವ ಮನೆತನದವರು ಯಾವ ಪಂಜೆ ಹಿಡಿಯುತ್ತಿದ್ದರು, ಕರ್ಬಲಾ ಪದ ಯಾರು ಹೇಳುತ್ತಿದ್ದರು ಎಂಬ ಪಟವೊಂದು ಹೆಸರುಗಳ ಸಮೇತ ಇದ್ದರೆ, ನಾಳೆ ಯಾರಾದರೂ 'ಇದು ನಿಮ್ಮದು, ಅದು ಅವರದು' ಎಂದು ಗೆರೆ ಎಳೆಯಲು ಬಂದಾಗ ಆ ಪಟವೇ ಸಾಕ್ಷಿ ನುಡಿಯುತ್ತದೆ.

ಪಟದ ಹಿಂಬದಿ

ನಿವೃತ್ತರ ಬಳಿ ಇರುವುದು ಹೊಸ ಕ್ಯಾಮೆರಾ ಮಾತ್ರವಲ್ಲ, ಹಳೆಯ ಪೆಟ್ಟಿಗೆಯೂ ಇದೆ. ಅರವತ್ತು, ಎಪ್ಪತ್ತರ ದಶಕದಲ್ಲಿ ಆಗ್ಫಾ ಕ್ಲಿಕ್ ತ್ರೀ ಕೊಂಡವರಿಗೆ ಒಂದು ರೀಲಿಗೆ ಹನ್ನೆರಡೇ ಫೋಟೋ. ಯೋಚಿಸಿ ಗುಂಡಿ ಒತ್ತಬೇಕಾಗಿತ್ತು. ಆ ಕಪ್ಪು ಬಿಳುಪು ಪಟಗಳು ಚೆನ್ನಾಗಿ ತೊಳೆದಿದ್ದರೆ ಇನ್ನೂ ಗಟ್ಟಿಯಾಗಿವೆ. ಎಂಬತ್ತರ ದಶಕದ ಬಣ್ಣದ ಪಟಗಳು ಕೆಂಪಗಾಗುತ್ತಿವೆ. ಅಂಟು ಹಾಳೆಯ ಆಲ್ಬಮ್ಮುಗಳು ಪಟವನ್ನೇ ತಿನ್ನುತ್ತಿವೆ. ಮೊಬೈಲಿನ ಸಾವಿರಾರು ಫೋಟೋಗಳಿಗೆ ಮೊಬೈಲಿನಷ್ಟೇ ಆಯುಷ್ಯ.

ನೀರಿನ ಭಯವೂ ನಮ್ಮ ಸೀಮೆಗೆ ಹೊಸದಲ್ಲ. ಎಪ್ಪತ್ತರ ದಶಕದಲ್ಲಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾದಾಗ ಊರುಗಳೇ ಮುಳುಗಿ ಎತ್ತರಕ್ಕೆ ಸರಿದವು. 2019ರ ಆಗಸ್ಟಿನಲ್ಲಿ ಅದೇ ಮಲಪ್ರಭೆ ಮುನವಳ್ಳಿ, ರಾಮದುರ್ಗ ಭಾಗದ ಮನೆಗಳಿಗೆ ನುಗ್ಗಿದಳು. ಕಾಳುಕಡಿಗೆ, ಗೋಡೆಗೆ ಪರಿಹಾರದ ಲೆಕ್ಕವಿರುತ್ತದೆ, ನೆನೆದ ಆಲ್ಬಮ್ಮಿಗೆ ಇರುವುದಿಲ್ಲ. ಒದ್ದೆಯಾದ ಪಟಗಳನ್ನು ಎಳೆದು ಬಿಡಿಸಬಾರದು. ತಣ್ಣನೆಯ ಶುದ್ಧ ನೀರಿನಲ್ಲಿಟ್ಟು ನಿಧಾನವಾಗಿ ಬೇರ್ಪಡಿಸಿ ನೆರಳಿನಲ್ಲಿ ಆರಿಸಬೇಕು. ಇಷ್ಟು ತಿಳಿದವರೊಬ್ಬರು ಓಣಿಯಲ್ಲಿದ್ದರೆ ಹತ್ತು ಮನೆಯ ಹಿರಿಯರ ಮುಖ ಉಳಿಯುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಪಟದ ಹಿಂಬದಿಯದು. ಒಂದು ಮೆತ್ತನೆಯ ಪೆನ್ಸಿಲ್ ಸಾಕು. ಯಾರು, ಯಾವ ಊರು, ಯಾವ ವರ್ಷ, ಎಡದಿಂದ ಬಲಕ್ಕೆ ಯಾರ್ಯಾರು ಎಂದು ಬರೆದಿಡಬೇಕು. ಮದುವೆಯ ಗುಂಪಿನ ಪಟದಲ್ಲಿ ಮದುಮಕ್ಕಳ ಹೆಸರು ಎಲ್ಲರಿಗೂ ಗೊತ್ತು. ಮೂಲೆಯಲ್ಲಿ ನಿಂತ ಶಹನಾಯಿಯವನ ಹೆಸರು ಗೊತ್ತಿರುವುದು ಎಪ್ಪತ್ತು ದಾಟಿದ ಒಬ್ಬಿಬ್ಬರಿಗೆ ಮಾತ್ರ. ಅವರು ಕಣ್ಣು ಮುಚ್ಚಿದ ದಿನ ಆ ಪಟ ಅರ್ಧ ಸಾಯುತ್ತದೆ. ಉಳಿದರ್ಧ ರದ್ದಿಯವನ ತಕ್ಕಡಿ ಏರುತ್ತದೆ.

ಗೋಲಿಂಗ್ಸ್ ಹಂಪಿಯಲ್ಲಿ ಮಾಡಿದ್ದನ್ನು ನಮ್ಮ ಪಿಂಚಣಿದಾರರು ಪೇಟೆ ಬೀದಿಯಲ್ಲಿ ಮಾಡಬಹುದು. ಹಳೆಯ ಪಟ ಹಿಡಿದು ಅದೇ ಜಾಗದಲ್ಲಿ ನಿಂತು ಮತ್ತೊಂದು ತೆಗೆಯಬಹುದು. ಬೈಲಹೊಂಗಲದ ಹತ್ತಿ ಪೇಟೆ, ಕಿತ್ತೂರಿನ ಅರಮನೆಯ ಮುರಿದ ಗೋಡೆ, ಗೊಡಚಿ ಜಾತ್ರೆಯ ಬಾರಿಹಣ್ಣಿನ ಸಾಲು, ನಾಳೆ ಬೀಳಲಿರುವ ಒಂದು ವಾಡೆ, ಹೆದ್ದಾರಿಗೆ ಹೋಗಲಿರುವ ಒಂದು ಬೇವಿನ ಮರ. ಇವುಗಳಿಗೆ ಸ್ಟುಡಿಯೋದವನು ಬರುವುದಿಲ್ಲ, ಅವನಿಗೆ ದುಡಿಮೆಯ ಲೆಕ್ಕವಿದೆ. ಸರ್ಕಾರ ಬರಲು ಫೈಲು ಬೇಕು. ಪುರಸೊತ್ತಿರುವವನು, ಊರು ಬಲ್ಲವನು, ಯಾರ ಮುಲಾಜೂ ಇಲ್ಲದವನು ನಮ್ಮ ನಿವೃತ್ತನೇ.

ನಮ್ಮ ವಾಚನಾಲಯಗಳು, ಶಾಲೆಗಳು, ಮಸೀದಿ ಮಠಗಳ ಕಮಿಟಿಗಳು ಇವರಿಗೆ ಒಂದು ಬೀರು, ಒಂದು ದಪ್ಪ ರಿಜಿಸ್ಟರು ಕೊಟ್ಟರೆ ಸಾಕು. ಮನೆಯವರು ಮಾಡಬೇಕಾದದ್ದು ಇನ್ನೂ ಕಡಿಮೆ. ರಜೆಯ ಒಂದು ಮಧ್ಯಾಹ್ನ ಮೊಮ್ಮಕ್ಕಳನ್ನು ಅಜ್ಜನ ಪೆಟ್ಟಿಗೆಯ ಮುಂದೆ ಕೂರಿಸಿ, ಪ್ರತಿ ಪಟ ಎತ್ತಿ ಹಿಡಿದು 'ಇವರು ಯಾರು?' ಎಂದು ಕೇಳಿಸುವುದು, ಅಜ್ಜ ಹೇಳಿದ್ದನ್ನು ಪಟದ ಹಿಂದೆ ಬರೆಸುವುದು. ಮುಖಗಳನ್ನು ಕ್ಯಾಮೆರಾ ಉಳಿಸಿಕೊಟ್ಟಿದೆ. ಹೆಸರುಗಳನ್ನು ನಾವು ಉಳಿಸಬೇಕು, ಹೇಳುವವರು ಇನ್ನೂ ಇರುವಾಗಲೇ.