ಮೊದಲ ಗೀರು: ಅರಗಿನಿಂದ ಕ್ಲಿಯರ್ ಕೋಟ್‌ವರೆಗೆ ಬೈಕಿನ ಬಣ್ಣದ ಕಥೆ

ಇವತ್ತು ನಾವು ಮಾತಾಡ್ತಿರೋದು ಒಂದು ಸಣ್ಣ ನೋವಿನ ಬಗ್ಗೆ. ಆಸೆಪಟ್ಟು ಕೊಂಡ ಬೈಕಿನ ಮೇಲೆ ಬೀಳುವ ಮೊದಲ ಗೀರು.

ಹಿಂಜವಡಿಯಲ್ಲಿರಿ, ಗಚ್ಚಿಬೌಲಿಯಲ್ಲಿರಿ, ಚೆನ್ನೈನ ಓಎಂಆರ್‌ನಲ್ಲಿರಿ, ಊರು ಬಿಟ್ಟು ಬಂದ ನಮ್ಮಲ್ಲಿ ಬಹಳ ಜನಕ್ಕೆ ಮನೆ ಬಾಡಿಗೆಯದು, ಮಂಚ ಬಾಡಿಗೆಯದು, ಕೆಲವರಿಗೆ ಫ್ರಿಜ್ಜೂ ಬಾಡಿಗೆಯದೇ. ಪೂರ್ತಿ ನಮ್ಮದು ಅಂತ ಹೇಳಿಕೊಳ್ಳೋಕೆ ಇರೋದು ಗಾಡಿ ಒಂದೇ. ಅದರ ಟ್ಯಾಂಕಿನ ಮೇಲೆ ಎರಡಿಂಚಿನ ಬಿಳಿ ಗೆರೆ ಕಂಡ ದಿನ ಊಟ ಸೇರೋದಿಲ್ಲ. ಮನೆಗೆ ಫೋನ್ ಮಾಡಿ ಹೇಳಿದರೆ, "ನಿನಗೇನೂ ಆಗಿಲ್ವಲ್ಲ, ಬಿಡು" ಅಂತಾರೆ. ಸರಿಯೇ. ಆದರೂ ರಾತ್ರಿ ಒಂದು ಸಲ ಟಾರ್ಚ್ ಹಿಡಿದು ಪಾರ್ಕಿಂಗಿಗೆ ಹೋಗಿ ನೋಡಿ ಬರ್ತೀವಿ.

ಈ ಸಂಕಟ ಎಲ್ಲ ಕಾಲದಲ್ಲೂ ಇಷ್ಟೇ ಇತ್ತಾ? ಅದನ್ನು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಣ್ಣದ ಚರಿತ್ರೆ.

ಇಂಗ್ಲಿಷಿನ ಲ್ಯಾಕರ್ ಅನ್ನೋ ಪದದಿಂದ ಶುರು ಮಾಡೋಣ. ಅದರ ಬೇರು ನಮ್ಮ ಕಡೆಯದೇ. ಸಂಸ್ಕೃತದ ಲಾಕ್ಷಾ, ಹಿಂದಿಯ ಲಾಖ್, ಅಂದರೆ ನಮ್ಮ ಅರಗು. ಸಣ್ಣ ಕೀಟವೊಂದು ಮರದ ರೆಂಬೆಗಳ ಮೇಲೆ ಬಿಡುವ ಅಂಟು ಅದು. ಚನ್ನಪಟ್ಟಣದಲ್ಲಿ ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಾಟದ ಬಿಸಿಗೇ ಅದು ಕರಗಿ ಹತ್ತಿಕೊಳ್ಳುತ್ತೆ, ಆಮೇಲೆ ಎಲೆಯಿಂದ ತಿಕ್ಕಿ ಹೊಳಪು ಕೊಡ್ತಾರೆ. ಚೀನಾ, ಜಪಾನಿನವರ ಮೆರುಗು ಬೇರೆ, ಅದು ಒಂದು ಮರದ ರಸ. 17ನೇ ಶತಮಾನದಲ್ಲಿ ಆ ಪೆಟ್ಟಿಗೆ, ತಟ್ಟೆಗಳು ಯುರೋಪಿಗೆ ಹೋದಾಗ ಅಲ್ಲಿನವರು ಮರುಳಾದರು. ಆ ಮರ ಅಲ್ಲಿ ಇಲ್ಲವಲ್ಲ, ಬೇರೆ ವಾರ್ನಿಷ್‌ಗಳಿಂದ ಅದೇ ಹೊಳಪನ್ನು ನಕಲು ಮಾಡಿದರು. ಆ ಕೆಲಸಕ್ಕೆ ಜಪಾನಿಂಗ್ ಅಂತಲೇ ಹೆಸರು ಬಿತ್ತು. ಲೋಹದ ಮೇಲೆ ಕಪ್ಪು ಮೆರುಗು ಬಳಿದು ಒಲೆಯಲ್ಲಿ ಬೇಯಿಸೋದು.

ಈ ಬೇಯಿಸಿದ ಕಪ್ಪೇ ಮುಂದೆ ಸೈಕಲ್ಲಿಗೆ ಬಂತು, ಅಲ್ಲಿಂದ ಮೋಟಾರ್‌ಸೈಕಲ್ಲಿಗೆ. ಫೋರ್ಡ್ ಮಾಡೆಲ್ ಟಿ ಕಾರು 1914ರಿಂದ 1925ರವರೆಗೆ ಕಪ್ಪು ಒಂದರಲ್ಲೇ ಬರ್ತಿತ್ತು. ಕಪ್ಪು ಗಟ್ಟಿ, ಅಗ್ಗ. ಬಣ್ಣ ಅನ್ನೋದು ಆಗ ಮೊದಲಿಗೆ ಕಬ್ಬಿಣವನ್ನು ತುಕ್ಕಿನಿಂದ ಕಾಯುವ ಹೊದಿಕೆ, ಚಂದ ಆಮೇಲಿನ ಮಾತು.

1920ರ ದಶಕದಲ್ಲಿ ಇದು ಬದಲಾಯ್ತು. ಡ್ಯುಪಾಂಟ್ ಕಂಪನಿಯ ಡ್ಯೂಕೋ ಅನ್ನೋ ನೈಟ್ರೋಸೆಲ್ಯುಲೋಸ್ ಬಣ್ಣ ಜನರಲ್ ಮೋಟಾರ್ಸಿನ ಓಕ್‌ಲ್ಯಾಂಡ್ ಕಾರುಗಳ ಮೇಲೆ ಬಂತು. ಅಲ್ಲಿಯವರೆಗೆ ಕಪ್ಪಲ್ಲದ ಒಳ್ಳೆ ಬಣ್ಣ ಬೇಕಿದ್ದರೆ ಪದರದ ಮೇಲೆ ಪದರ ಬಳಿದು ವಾರಗಟ್ಟಲೆ ಒಣಗಿಸಬೇಕಿತ್ತು. ಹೊಸ ಬಣ್ಣ ಗಂಟೆಗಳಲ್ಲಿ ಒಣಗ್ತಿತ್ತು. ಅಲ್ಲಿಂದ ಬಣ್ಣವೇ ಗಾಡಿ ಮಾರುವ ಸರಕಾಯ್ತು. ಬಣ್ಣ ನೋಡಿ ಗಾಡಿ ಕೊಳ್ಳುವವನಿಗೆ ಬಣ್ಣ ಹೋದರೆ ನೋವಾಗೋದು ಸಹಜ ಅಲ್ವಾ? ನಮ್ಮ ಸಂಕಟದ ಒಂದು ಬೇರು ಅಲ್ಲಿದೆ ಅಂತ ನನಗನಿಸುತ್ತೆ.

ಈಗ ಮೈಸೂರಿಗೆ ಬರೋಣ, ಜಾವಾ ಕಥೆಗೆ. ಆಫೀಸಿನಲ್ಲಿ ದಿನಾ ಎಕ್ಸೆಪ್ಶನ್ ಎಸೆಯುವ ಜಾವಾ ಅಲ್ಲ! 1929ರಲ್ಲಿ ಪ್ರಾಗ್‌ನ ಫ್ರಾಂಟಿಶೆಕ್ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕ್ ತಯಾರಿಕೆಯ ಹಕ್ಕು ಕೊಂಡರು. ಎರಡೂ ಹೆಸರಿನ ಮೊದಲ ಎರಡೆರಡು ರೋಮನ್ ಅಕ್ಷರ ಸೇರಿಸಿದರೆ ಜಾವಾ. 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಶುರುವಾಯ್ತು, ಕಾರ್ಖಾನೆ ಯಾದವಗಿರಿಯಲ್ಲಿ. 1973ರಿಂದ ಗಾಡಿಗಳ ಹೆಸರು ಯೆಜ್ಡಿ ಆಯ್ತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಹಳೆಯ ಜಾವಾದ ಟ್ಯಾಂಕನ್ನು ಸರಿಯಾಗಿ ನೋಡಿದ್ದೀರಾ? ಮೇಲೆ ಕಡುಗೆಂಪು, ಎರಡೂ ಪಕ್ಕ ಕನ್ನಡಿಯಂಥ ಕ್ರೋಮ್, ಮೊಣಕಾಲು ತಾಗುವ ಕಡೆ ದಪ್ಪ ರಬ್ಬರಿನ ಪ್ಯಾಡ್. ನನಗೆ ಇಷ್ಟವಾದದ್ದು ಆ ರಬ್ಬರ್. ಹಿಡಿತಕ್ಕೆ ಅಂತ ಇಟ್ಟದ್ದು ನಿಜ, ಆದರೆ ಸವಾರನ ಕಾಲು ದಿನಾ ಉಜ್ಜುವ ಜಾಗದಲ್ಲಿ ಬಣ್ಣವನ್ನೂ ಅದೇ ಕಾಯ್ತಿತ್ತು. ನಮ್ಮ ದೇಶದ ಬೈಕುಗಳಿಗೆ ಮುಂದೆ ಕ್ರ್ಯಾಶ್ ಗಾರ್ಡ್ ಬಂತು, ಹಿಂದೆ ಸೀರೆ ಗಾರ್ಡ್ ಬಂತು. ಗಾಡಿ ಅಂದಮೇಲೆ ಬೀಳುತ್ತೆ, ತಾಗುತ್ತೆ, ಸೀರೆಯುಟ್ಟವರು ಹಿಂದೆ ಕೂರ್ತಾರೆ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಮಾಡಿದ ಗಾಡಿಗಳು ಅವು.

ನನ್ನ ಸೋದರಮಾವನ ಹತ್ರ ಒಂದು ಯೆಜ್ಡಿ ಇತ್ತು. ಟ್ಯಾಂಕಿನ ಎಡಕ್ಕೆ ಅಂಗೈಯಗಲದ ಜಾಗದಲ್ಲಿ ಕೆಂಪು ಸ್ವಲ್ಪ ಗಾಢ. ಯಾಕೆ ಮಾವ ಅಂತ ಕೇಳಿದ್ದಕ್ಕೆ, "ಅದಾ? ನಂಜನಗೂಡು ರಸ್ತೇಲಿ ಎತ್ತಿನ ಗಾಡಿ ನೊಗ ತಾಗಿತ್ತು ಕಣೋ. ಪೇಂಟರ್ ಬಣ್ಣ ಕಲಸಿ ಹಚ್ಚಿದ, ಕೆಂಪು ಒಂದು ಚೂರು ಜಾಸ್ತಿ ಆಯ್ತು" ಅಂದಿದ್ದರು. ಅಷ್ಟೇ ಮಾತು. ಆಯುಧಪೂಜೆ ದಿನ ಆ ಮಚ್ಚೆಯ ಮೇಲೂ ಅರಿಶಿನ ಕುಂಕುಮ ಬೀಳ್ತಿತ್ತು.

ಮಾವನಿಗೆ ಗಾಡಿ ಮೇಲೆ ಪ್ರೀತಿ ಕಡಿಮೆ ಇರಲಿಲ್ಲ, ಬೇರೆಯವರಿಗೆ ಕೀ ಕೊಡ್ತಿರಲಿಲ್ಲ. ಆದರೂ ಅಷ್ಟು ಹಗುರಾಗಿ ಹೇಳಿದರಲ್ಲ, ಹೇಗೆ? ಒಂದು ಕಾರಣ ಆಗಿನ ಬಣ್ಣದಲ್ಲೇ ಇತ್ತು. ಹಳೆಯ ಬಣ್ಣ ಮೇಲಿಂದ ಕೆಳಗಿನವರೆಗೂ ಒಂದೇ. ಸಣ್ಣ ಗೀರಾದರೆ ತಿಕ್ಕಿ ಪಾಲಿಶ್ ಮಾಡಿದರೆ ಅಡಿಯಿಂದ ಅದೇ ಕೆಂಪು ಬರ್ತಿತ್ತು. ದೊಡ್ಡದಾದರೆ ಬೀದಿ ತುದಿಯ ಪೇಂಟರ್ ವಾಟರ್ ಪೇಪರ್ ಹಿಡಿದು ಉಜ್ಜಿ, ಕಣ್ಣಂದಾಜಿನಲ್ಲಿ ಬಣ್ಣ ಕಲಸಿ ಮುಗಿಸ್ತಿದ್ದ.

ನಮ್ಮ ಗಾಡಿಗಳದ್ದು ಬೇರೆ ಕಥೆ. 1980ರ ದಶಕದಿಂದ ಕಾರುಗಳಲ್ಲಿ ಕ್ಲಿಯರ್ ಕೋಟ್ ಹರಡಿತು, ಬೈಕಿಗೂ ಬಂತು. ಈಗ ಕೆಳಗೆ ಪ್ರೈಮರ್, ಅದರ ಮೇಲೆ ತೆಳು ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಎಲ್ಲ ಸೇರಿದರೂ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ. ಮೇಲಿನ ಪದರ ಒಂದು ತಲೆಗೂದಲಿನಷ್ಟೂ ದಪ್ಪ ಇರೋದು ಕಷ್ಟ. ಆ ಆಳವಾದ ಹೊಳಪು ಕೊಡೋದು ಅದೇ, ಬಿಸಿಲಿನಿಂದ ಬಣ್ಣ ಕಾಯೋದೂ ಅದೇ. ಆದರೆ ಅದರ ಮೇಲೆ ಗೀರು ಬಿದ್ದರೆ ಆ ಅಂಚಿನಲ್ಲಿ ಬೆಳಕು ಚೆದುರಿ ಬಿಳಿ ಗೆರೆಯಾಗಿ ಕಣ್ಣಿಗೆ ಹೊಡೆಯುತ್ತೆ. ಅಡಿಯ ಬಣ್ಣಕ್ಕೆ ಏನೂ ಆಗಿರೋದಿಲ್ಲ! ಮೆಟಾಲಿಕ್ ಬಣ್ಣವಾದರೆ ಇನ್ನೊಂದು ತೊಡಕು. ಒಳಗಿನ ಅಲ್ಯೂಮಿನಿಯಂ ಚೂರುಗಳು ಯಾವ ಕೋನದಲ್ಲಿ ಕೂತಿವೆ ಅನ್ನೋದರ ಮೇಲೆ ಹೊಳಪು ನಿಂತಿರುತ್ತೆ. ಹಾಗಾಗಿ ಒಂದೇ ಜಾಗಕ್ಕೆ ಹಚ್ಚಿದರೆ ಕಣ್ಣಿಗೆ ಗೊತ್ತಾಗಿಬಿಡುತ್ತೆ. ಅಂದರೆ ಮೊದಲ ಗೀರು ನಮಗೆ ಜಾಸ್ತಿ ಚುಚ್ಚೋದಕ್ಕೆ ನಮ್ಮ ಮನಸ್ಸು ಮೃದುವಾಗಿರೋದೊಂದೇ ಕಾರಣ ಅಲ್ಲ. ಚಿಕ್ಕ ಗೀರೂ ಎದ್ದು ಕಾಣುವಂಥ, ಮನೇಲಿ ಸರಿ ಮಾಡಿಕೊಳ್ಳೋಕೆ ಬಗ್ಗದಂಥ ಬಣ್ಣ ನಮ್ಮ ಗಾಡಿ ಮೇಲಿದೆ.

ನನ್ನ ಗಾಡಿ ಮೈಸೂರಿನಿಂದ ಪುಣೆಗೆ ಗೋಣಿ ಸುತ್ತಿಕೊಂಡು ರೈಲಿನಲ್ಲಿ ಬಂತು. ದಾರಿಯಲ್ಲಿ ಏನೂ ಆಗಲಿಲ್ಲ. ಮೂರನೇ ವಾರ ಬೇಸ್‌ಮೆಂಟಿನಲ್ಲಿ ಯಾರೋ ಮಗುವಿನ ಸೈಕಲ್ ಹ್ಯಾಂಡಲ್ ತಾಗಿ ಟ್ಯಾಂಕಿನ ಮೇಲೆ ಗೆರೆ ಎಳೀತು. ಆ ವಾರವೆಲ್ಲ ಗಾಡಿ ಹತ್ತಿದಾಗ ಕಣ್ಣು ರಸ್ತೆಗಿಂತ ಮೊದಲು ಅಲ್ಲಿಗೇ ಹೋಗ್ತಿತ್ತು. ಆಮೇಲೆ ಒಂದು ಭಾನುವಾರ ನೀರಿನಿಂದ ತೊಳೆದು, ಉಗುರು ಅಡ್ಡ ಎಳೆದು ನೋಡಿದೆ. ಸಿಕ್ಕಿಕೊಳ್ಳಲಿಲ್ಲ.

ಈ ಉಗುರಿನ ಪರೀಕ್ಷೆ ನಿಮಗೂ ಉಪಯೋಗಕ್ಕೆ ಬರುತ್ತೆ. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಸಾಮಾನ್ಯವಾಗಿ ಮೇಲಿನ ಪದರದಲ್ಲೇ ಇದೆ, ರಬ್ಬಿಂಗ್ ಕಾಂಪೌಂಡ್ ಸಾಕು. ಆದರೆ ಕಾಂಪೌಂಡ್ ಗೀರನ್ನು ತುಂಬೋದಿಲ್ಲ, ಸುತ್ತಲಿನ ಪದರವನ್ನೇ ಸವೆಸುತ್ತೆ. ತಿಂಗಳಿಗೊಮ್ಮೆ ತಿಕ್ಕಿದರೆ ಇರೋ ರಕ್ಷಣೆಯೂ ಹೋಗುತ್ತೆ. ಮ್ಯಾಟ್ ಬಣ್ಣಕ್ಕಂತೂ ಮುಟ್ಟಿಸಲೇಬೇಡಿ, ಅಲ್ಲಿ ಮಾತ್ರ ಮಿರಮಿರ ಮಿಂಚಿ ಇನ್ನೂ ಅಸಹ್ಯ ಕಾಣುತ್ತೆ. ಉಗುರು ಸಿಕ್ಕಿ, ಲೋಹ ಕಂಡರೆ ತಡ ಮಾಡಬೇಡಿ, ಒರೆಸಿ ಒಣಗಿಸಿ ಟಚಪ್ ಬಣ್ಣ ಹಚ್ಚಿ. ಮುಂಬೈ, ಚೆನ್ನೈನಲ್ಲಿರೋರಿಗೆ ಇದು ಇನ್ನೂ ಮುಖ್ಯ, ಉಪ್ಪಿನ ಗಾಳಿಗೆ ತುಕ್ಕು ಬೇಗ ಹಿಡಿಯುತ್ತೆ. ಗೀರು ಪ್ಲಾಸ್ಟಿಕ್ ಪ್ಯಾನೆಲ್ ಮೇಲಿದ್ದರೆ ತುಕ್ಕಿನ ಭಯವೇ ಇಲ್ಲ.

ನನ್ನ ಗೆರೆಯನ್ನು ಒಂದು ಸಲ ತಿಕ್ಕಿದೆ. ಮುಕ್ಕಾಲು ಹೋಯ್ತು, ಕಾಲು ಉಳೀತು. ಎರಡನೇ ಸಲ ತಿಕ್ಕಲಿಲ್ಲ.

2018ರಲ್ಲಿ ಜಾವಾ ಹೆಸರು ಮತ್ತೆ ಬಂತು, 2022ರಲ್ಲಿ ಯೆಜ್ಡಿಯೂ ಬಂತು. ಮೈಸೂರಿನ ಹಳೆಯ ಗಾಡಿಗಳೂ ಇನ್ನೂ ಓಡ್ತಿವೆ. ಪ್ರತಿವರ್ಷ ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನಕ್ಕೆ ಊರೂರಲ್ಲಿ ಅವುಗಳ ಸಾಲು ನಿಲ್ಲುತ್ತೆ. ಹೊಸದಾಗಿ ಪೇಂಟ್ ಮಾಡಿಸಿದವು ಚಂದ ಹೊಳೀತವೆ, ನಿಜ. ಆದರೆ ಕಾರ್ಖಾನೆಯ ಮೂಲ ಬಣ್ಣ ಉಳಿಸಿಕೊಂಡಿರೋ ಗಾಡಿ ಬಂದರೆ ಹಳೆ ಗಾಡಿ ಬಲ್ಲವರು ಅದರ ಸುತ್ತ ಕೂಡ್ತಾರೆ. ಮೈತುಂಬ ಗೀರಿದ್ದರೂ ಸರಿ. ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಸದಾಗಿ ಹೊಡೆಸಬಹುದು, ಕಾರ್ಖಾನೆಯಲ್ಲಿ ಹೊಡೆದದ್ದು ಒಂದೇ ಸಲ ಅಂತ ಅವರಿಗೆ ಗೊತ್ತು.

ಹಾಗಾಗಿ ತುಕ್ಕು ಹಿಡಿಯುವ ಗೀರಿಗೆ ಔಷಧ ಮಾಡಿ. ಮಿಕ್ಕಿದ್ದನ್ನು ಇರಲಿ ಬಿಡಿ, ಮುಂದಿನ ದಸರಾಕ್ಕೆ ಅದರ ಮೇಲೂ ಸ್ವಲ್ಪ ಕುಂಕುಮ ಹಚ್ಚಿ. ನಿಮ್ಮ ಮನೆಯಲ್ಲೂ ಜಾವಾ, ಯೆಜ್ಡಿ ಇದ್ದಿದ್ದರೆ ಅದರ ಮಚ್ಚೆಗಳ ಕಥೆಯನ್ನು ಹಿರಿಯರ ಹತ್ರ ಒಮ್ಮೆ ಕೇಳಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹೆಲ್ಮೆಟ್ ಮರೀಬೇಡಿ.